ಶಿಕಾರಿಪುರ, ಸೊರಬದ ಮನೆಗಳ ಹಳೆಯ ಬೆಳ್ಳಿ, ಗಂಧದ ಪೆಟ್ಟಿಗೆ, ಪಿಂಗಾಣಿ: ಕರಗಿಸುವ ಮುನ್ನ ತಿಳಿಯಬೇಕಾದ ವಿಷಯಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳೆಯ ಶ್ರಾವಕ ಮನೆಗಳಲ್ಲಿ ಬೆಳ್ಳಿಯ ಕಲಶ, ಗಂಧೋದಕದ ಬಟ್ಟಲು, ಎಲೆಅಡಿಕೆ ತಟ್ಟೆ, ಪನ್ನೀರುದಾನಿ, ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆ, ಅಟ್ಟದ ಮೇಲಿನ ಪಿಂಗಾಣಿ ಭರಣಿ ಇಂಥವು ಇಂದಿಗೂ ಕಾಣಸಿಗುತ್ತವೆ. ಅವು ಯಾರ ಕಾಲದವು, ಯಾವ ಮನೆಯಿಂದ ಬಂದವು, ಯಾವ ನೋಂಪಿಗೆ ಮಾಡಿಸಿದವು ಎಂದು ಹೇಳಬಲ್ಲ ಹಿರಿಯರು ಮಾತ್ರ ಕಡಿಮೆಯಾಗುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಒಂದು ಕಿಲೋ ಬೆಳ್ಳಿಯ ಬೆಲೆ ಒಂದು ಲಕ್ಷ ರೂಪಾಯಿ ಮುಟ್ಟಿತು, 2025ರಲ್ಲಿ ಇನ್ನೂ ಏರಿತು. ಬೆಲೆ ಏರಿದಾಗಲೆಲ್ಲ ಹಳೆಯ ಬೆಳ್ಳಿ ಪೆಟಾರಿಯಿಂದ ಹೊರಬಂದು ತಕ್ಕಡಿ ಏರುತ್ತದೆ. ಹಳೆಯ ತೊಟ್ಟಿಮನೆ ಕೆಡವಿ ಹೊಸದು ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಆಗುವುದೂ ಇದೇ. ತಕ್ಕಡಿ ಹೇಳುವುದು ಲೋಹದ ಬೆಲೆಯನ್ನು ಮಾತ್ರ. ವಸ್ತುವಿನ ಮೇಲಿರುವ ಬರಹ, ಅದರ ಹಿಂದಿರುವ ದಾನ, ಅದನ್ನು ತಂದ ಹೆಣ್ಣುಮಗಳ ತವರು ಇವೆಲ್ಲ ಕುಲುಮೆಯಲ್ಲಿ ಒಮ್ಮೆ ಹೋದರೆ ಮರಳುವುದಿಲ್ಲ.

ನಾಗರಖಂಡದಲ್ಲಿ ಉಳಿದದ್ದು ಕಲ್ಲು

ಈ ಸೀಮೆಗೆ ಶಾಸನಗಳಲ್ಲಿ ನಾಗರಖಂಡ ಎಪ್ಪತ್ತು ಎಂಬ ಹೆಸರಿದೆ. ಬನವಾಸಿ ಹನ್ನೆರಡು ಸಾವಿರದ ಒಳಗಿನ ನಾಡು ಇದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಂತಿನಾಥ ಬಸದಿ, ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದ ಆರಂಭದಲ್ಲಿ, ಗಂಡನ ಮರಣದ ನಂತರ ನಾಗರಖಂಡದ ನಾಳ್ಗಾವುಂಡಿಕೆ ನಡೆಸಿ ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನ ಕೈಗೊಂಡ ಜಕ್ಕಿಯಬ್ಬೆ, ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ 11ನೇ ಶತಮಾನದಲ್ಲಿ ಪಾರ್ಶ್ವನಾಥ ಚೈತ್ಯಾಲಯಕ್ಕೆ ದಾನವಿತ್ತ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ, ಜೈನ ಶಾಸನಗಳು ಹಲವಿರುವ ಉದ್ದರೆ ಇವೆಲ್ಲ ಓದುಗರಿಗೆ ಪರಿಚಿತ ಹೆಸರುಗಳು. ಬಿ.ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ (1902), ಸೊರಬದವನ್ನು 8ನೇ ಸಂಪುಟದಲ್ಲಿ (1904) ಪ್ರಕಟಿಸಿದರು.

ಆ ಬಸದಿಗಳಲ್ಲಿ ಬಳಕೆಯಾದ ಕಲಶ, ದೀಪ, ಗಂಟೆ, ತಟ್ಟೆಗಳೂ ಇದ್ದಿರಲೇಬೇಕು. ಕಲ್ಲು ನಿಂತಿತು, ಲೋಹ ನಿಲ್ಲಲಿಲ್ಲ. ಬೆಳ್ಳಿ ತಾಮ್ರಗಳ ಸ್ವಭಾವವೇ ಅದು, ಪ್ರತಿ ಎರಡು ಮೂರು ತಲೆಮಾರಿಗೊಮ್ಮೆ ಕರಗಿ ಹೊಸ ರೂಪ ತಾಳುತ್ತದೆ. ಆದ್ದರಿಂದ ಮನೆಗಳಲ್ಲಿ ಇಂದು ಸಿಗುವ ಬೆಳ್ಳಿ, ಪಿಂಗಾಣಿಗಳಲ್ಲಿ ಹೆಚ್ಚಿನವು ಕಳೆದ ನೂರರಿಂದ ನೂರೈವತ್ತು ವರ್ಷಗಳ ಈಚಿನವು. "ನಮ್ಮದು ಐನೂರು ವರ್ಷದ ತಟ್ಟೆ" ಎಂಬ ಮಾತು ಕೇಳಿದರೆ ಅದನ್ನು ಪ್ರೀತಿಯ ಮಾತೆಂದು ತಿಳಿದು, ತಟ್ಟೆಯನ್ನು ತಿರುಗಿಸಿ ನೋಡುವುದು ಒಳ್ಳೆಯದು. ನೂರು ವರ್ಷವೂ ಸಣ್ಣದಲ್ಲ.

ಬೆಳ್ಳಿ: ರೂಪಾಯಿಯಿಂದ ಪಾತ್ರೆಗೆ

ಹಿಂದೆ ಅಕ್ಕಸಾಲಿಗರಿಗೆ ಬೆಳ್ಳಿ ಸಿಗುತ್ತಿದ್ದ ಸುಲಭ ಮೂಲ ಬೆಳ್ಳಿ ರೂಪಾಯಿ. ಮನೆಯವರು ರೂಪಾಯಿಗಳನ್ನು ಎಣಿಸಿ ಕೊಡುತ್ತಿದ್ದರು, ಅಕ್ಕಸಾಲಿಗ ಅವನ್ನು ಕರಗಿಸಿ ತಟ್ಟೆಯನ್ನೋ ಚೊಂಬನ್ನೋ ಮಾಡಿಕೊಡುತ್ತಿದ್ದ. 1835ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿ 11.66 ಗ್ರಾಂ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ ಸುಮಾರು 91.7. ಒಂದು ತೊಲವೂ ಇದೇ ತೂಕ. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ನಿಕ್ಕಲ್ ನಾಣ್ಯ ಬಂತು. ಹಳೆಯ ತಟ್ಟೆಯ ಶುದ್ಧತೆ 90ರ ಆಸುಪಾಸು ಬಂದರೆ ಅದು ರೂಪಾಯಿ ಬೆಳ್ಳಿಯಿಂದ ಆದದ್ದಿರಬಹುದು ಎಂದು ಊಹಿಸಬಹುದು. ಅದನ್ನು "ಕಲಬೆರಕೆ" ಎಂದು ತೆಗಳಿ ಬೆಲೆ ಇಳಿಸುವವರ ಮಾತಿಗೆ ಕೂಡಲೇ ತಲೆಯಾಡಿಸಬೇಕಿಲ್ಲ. ಒರೆಗಲ್ಲಿಗೆ ಉಜ್ಜದೆ, ಆಸಿಡ್ ಹಾಕದೆ, ಯಂತ್ರದ ಕಿರಣದಿಂದ ಶುದ್ಧತೆ ಹೇಳುವ ವ್ಯವಸ್ಥೆ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಇದೆ. ಹಳೆಯ ವಸ್ತುವಿಗೆ ಅದೇ ಸರಿ. ನಮ್ಮ ದೇಶದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಾಗಿಲ್ಲ, ಹಳೆಯ ಊರ ಕೆಲಸದಲ್ಲಂತೂ ಅದು ಇರುವುದೇ ಇಲ್ಲ. ಮುದ್ರೆ ಇಲ್ಲ ಎಂಬುದು ದೋಷವಲ್ಲ.

ತಳದಲ್ಲಿ ಇಂಗ್ಲಿಷ್ ಅಕ್ಷರಗಳಿದ್ದರೆ ಗಮನವಿಟ್ಟು ಓದಬೇಕು. ನಡೆಯುತ್ತಿರುವ ಸಿಂಹದ ಸಣ್ಣ ಮುದ್ರೆ ಇಂಗ್ಲೆಂಡಿನ 92.5 ಶುದ್ಧತೆಯ ಬೆಳ್ಳಿಯ ಗುರುತು. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಬೆಂಗಳೂರಿನ ಬಾರ್ಟನ್ ಮುಂತಾದ ಅಂಗಡಿಗಳ ಹೆಸರೂ ಕೆಲವೊಮ್ಮೆ ಕಾಣಬಹುದು. ಅಂಥ ವಸ್ತುವಿಗೆ ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ಕೊಡುತ್ತಾರೆ. ಇ.ಪಿ.ಎನ್.ಎಸ್. ಎಂದಿದ್ದರೆ ಅದು ಬೆಳ್ಳಿಯ ಲೇಪ ಮಾತ್ರ, ಒಳಗಿರುವುದು ಜರ್ಮನ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದ್ದರೂ ತಾಮ್ರ, ಸತು, ನಿಕ್ಕಲ್ ಸೇರಿದ ಆ ಮಿಶ್ರಲೋಹದಲ್ಲಿ ಬೆಳ್ಳಿಯ ಕಣವೂ ಇಲ್ಲ. ಅಂಚು, ಹಿಡಿಕೆ ಸವೆದ ಕಡೆ ಹಳದಿ ಛಾಯೆ ಇಣುಕಿದರೆ ಅನುಮಾನ ಪಡಬೇಕು.

ಇನ್ನು ಅಲಂಕಾರ. ತಟ್ಟೆಯ ಸುತ್ತ ಅಷ್ಟಮಂಗಲ ಕೊರೆದಿದ್ದರೆ ಅದು ಯಾವ ಪಟ್ಟಿ ಎಂದು ನೋಡಬೇಕು. ದಿಗಂಬರ ಪರಂಪರೆಯ ಅಷ್ಟಮಂಗಲ ಭೃಂಗಾರ, ಕಲಶ, ದರ್ಪಣ, ಚಾಮರ, ಧ್ವಜ, ಬೀಸಣಿಗೆ, ಛತ್ರ, ಸುಪ್ರತಿಷ್ಠ. ಶ್ವೇತಾಂಬರ ಪಟ್ಟಿಯಲ್ಲಿ ಸ್ವಸ್ತಿಕ, ಶ್ರೀವತ್ಸ, ನಂದ್ಯಾವರ್ತ, ವರ್ಧಮಾನಕ, ಭದ್ರಾಸನ, ಕಲಶ, ಜೋಡಿಮೀನು, ದರ್ಪಣ ಇರುತ್ತವೆ. ಮಲೆನಾಡಿನ ದಿಗಂಬರ ಮನೆಯಲ್ಲಿ ಜೋಡಿಮೀನು, ನಂದ್ಯಾವರ್ತ ಇರುವ ತಟ್ಟೆ ಸಿಕ್ಕರೆ ಅದು ಗುಜರಾತ್, ರಾಜಸ್ಥಾನದ ಕಡೆಯಿಂದ ವ್ಯಾಪಾರದಲ್ಲೋ ಉಡುಗೊರೆಯಾಗಿಯೋ ಬಂದಿರುವ ಸಾಧ್ಯತೆ ಹೆಚ್ಚು. ಇದೊಂದೇ ಸಾಕ್ಷಿಯಾಗದು, ಆದರೆ ಮನೆಯ ಹಿರಿಯರನ್ನು ಏನು ಕೇಳಬೇಕು ಎಂಬುದಕ್ಕೆ ದಾರಿ ತೋರುತ್ತದೆ.

ಚುಕ್ಕಿ ಅಕ್ಷರ ಓದುವುದು

ಹಳೆಯ ಪಾತ್ರೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅದರ ಮೇಲಿನ ಬರಹ. ಪಾತ್ರೆಗೆ ಹೆಸರು ಹಾಕಿಸುವ ರೂಢಿ ಇಂದಿಗೂ ಮದುವೆ ಮನೆಗಳಲ್ಲಿದೆ. ಹಿಂದೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಅಕ್ಷರ ಮೂಡಿಸುತ್ತಿದ್ದರು. ಕಂಠದ ಹೊರಗೆ, ತಳದಲ್ಲಿ, ಹಿಡಿಕೆಯ ಒಳಬದಿಯಲ್ಲಿ ಹುಡುಕಬೇಕು. ಅಲ್ಲಿ ಇರಬಹುದಾದದ್ದು ಒಡೆಯರ ಹೆಸರು ಅಥವಾ ಬರೀ ಮೊದಲಕ್ಷರ, ಊರು, ತೂಕ (ತೊಲ ಅಥವಾ ರೂಪಾಯಿ ಲೆಕ್ಕದಲ್ಲಿ), ಕೊಟ್ಟ ಸಂದರ್ಭ, ಸಂವತ್ಸರ. ಕೆಲವು ಸಲ ಅಂಕಿಗಳು ಕನ್ನಡದಲ್ಲಿರುತ್ತವೆ, ಇಂಗ್ಲಿಷ್ ಅಂಕಿ ಎಂದು ಓದಿದರೆ ತಪ್ಪುತ್ತದೆ. ಬರಹ ಸವೆದಿದ್ದರೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತದೆ. ತೆಳು ಕಾಗದ ಹೊದಿಸಿ ಮೆತ್ತನೆ ಪೆನ್ಸಿಲ್ ಉಜ್ಜಿಯೂ ಪಡಿಯಚ್ಚು ತೆಗೆಯಬಹುದು. ಓದಲೆಂದು ಹುಣಸೆಹಣ್ಣು ಹಾಕಿ ತಿಕ್ಕುವುದು ಮಾತ್ರ ಬೇಡ, ಉಳಿದದ್ದೂ ಹೋಗುತ್ತದೆ.

ಕಾಲ ತಿಳಿಯುವ ಲೆಕ್ಕ ಕಷ್ಟವಿಲ್ಲ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ವಿಕ್ರಮ ಸಂವತ್ತಿನಿಂದ 57 ಕಳೆಯಬೇಕು, ವೀರ ನಿರ್ವಾಣ ಸಂವತ್ತಿನಿಂದ 527. ಮಾಸ ಯಾವುದೆಂಬುದರ ಮೇಲೆ ಒಂದು ವರ್ಷ ಹೆಚ್ಚುಕಡಿಮೆ ಆಗಬಹುದು. ಸಂವತ್ಸರದ ಹೆಸರು ಮಾತ್ರ ಇದ್ದರೆ ತೊಡಕು, ಏಕೆಂದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಕೊರೊನಾ ಬಂದ 2020-21 ಶಾರ್ವರಿ ಸಂವತ್ಸರ. ಹಿಂದಿನ ಶಾರ್ವರಿ 1960-61, ಅದರ ಹಿಂದಿನದು 1900-01, ಅಂದರೆ ಶಕ 1822. ಬಟ್ಟಲಿನ ಮೇಲೆ ಬರೀ "ಶಾರ್ವರಿ" ಎಂದಿದ್ದರೆ ಈ ಮೂರರಲ್ಲಿ ಯಾವುದು ಎಂದು ಹೆಸರಿರುವ ವ್ಯಕ್ತಿಯ ತಲೆಮಾರಿನಿಂದ ತೀರ್ಮಾನಿಸಬೇಕು. ಮನೆಯ ವಂಶವೃಕ್ಷ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಂಶವೃಕ್ಷದಲ್ಲಿ ಬರೆಯದೇ ಬಿಟ್ಟ ಮುತ್ತಜ್ಜಿಯ ಹೆಸರು ಗಿಂಡಿಯ ಕಂಠದಲ್ಲಿ ಸಿಗಲೂ ಸಾಕು, ಏಕೆಂದರೆ ತವರಿನ ಬೆಳ್ಳಿಗೆ ಅವಳದೇ ಹೆಸರು ಹಾಕಿಸುತ್ತಿದ್ದರು.

ಮನೆಯದೋ ಬಸದಿಯದೋ

ಬರಹ ಓದಿದಾಗ ಒಂದು ಮುಜುಗರದ ಸಂಗತಿ ಎದುರಾಗಬಹುದು. ಬಸದಿಯ ಹೆಸರೋ, ಮೂಲನಾಯಕ ತೀರ್ಥಂಕರರ ಹೆಸರೋ, ನೋಂಪಿಯ ಉದ್ಯಾಪನೆಗೆ ಕೊಟ್ಟದ್ದೆಂಬ ಮಾತೋ ಪಾತ್ರೆಯ ಮೇಲೆ ಇದ್ದರೆ ಅದು ಮನೆಯ ಸೊತ್ತಲ್ಲ. ಬಸದಿಯ ಬೆಳ್ಳಿಯನ್ನು ಕಳ್ಳತನದ ಭಯಕ್ಕೆ ಶ್ರಾವಕರ ಮನೆಯಲ್ಲಿ ಇಟ್ಟು, ಪೂಜೆಯ ದಿನ ಮಾತ್ರ ಒಯ್ಯುವ ಏರ್ಪಾಡು ಅನೇಕ ಊರುಗಳಲ್ಲಿ ಇತ್ತು, ಈಗಲೂ ಇದೆ. ಎರಡು ತಲೆಮಾರು ಕಳೆದ ಮೇಲೆ ಇಟ್ಟವರೂ ಇಲ್ಲ, ಇಡಿಸಿಕೊಂಡವರೂ ಇಲ್ಲ, ಪೆಟಾರಿಯಲ್ಲಿದ್ದದ್ದು ಪಾಲಿನಲ್ಲಿ ಹಂಚಿಹೋಗುತ್ತದೆ. ದೇವರಿಗೆ ಅರ್ಪಿಸಿದ ದ್ರವ್ಯವನ್ನು ಸ್ವಂತಕ್ಕೆ ಬಳಸಬಾರದೆಂಬ ಆಗಮದ ನಿಲುವು ಓದುಗರಿಗೆ ಹೊಸದಲ್ಲ. ಹೆಸರು ಕಂಡ ದಿನವೇ ಬಸದಿಯ ಸಮಿತಿಗೆ ತಿಳಿಸಿ, ಫೋಟೋ ಮತ್ತು ತೂಕ ಬರೆದು, ಸಹಿ ಪಡೆದು ಒಪ್ಪಿಸುವುದೇ ಸರಿ. ಭದ್ರತೆಗೆ ಮನೆಯಲ್ಲೇ ಇಡಬೇಕೆಂದು ಸಮಿತಿ ಹೇಳಿದರೂ ಆ ಮಾತು ಕಾಗದದ ಮೇಲೆ ಇರಲಿ.

ಸಮಿತಿಗಳಿಗೂ ಇಷ್ಟೇ ಅಗತ್ಯದ ಕೆಲಸ ಒಂದಿದೆ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದದ್ದು ಸಮಾಜವನ್ನೇ ಅಲ್ಲಾಡಿಸಿತು. ಸಣ್ಣ ಊರಿನ ಬಸದಿಯಲ್ಲಿ ಕಳುವಾದರೆ ಪೊಲೀಸರು ಮೊದಲು ಕೇಳುವುದು ಫೋಟೋ, ಅಳತೆ, ತೂಕ. ಅವೇ ಇಲ್ಲದಿದ್ದರೆ ದೂರು ಬರೆಯುವುದೂ ಕಷ್ಟ, ಸಿಕ್ಕ ಮೇಲೆ ನಮ್ಮದೇ ಎಂದು ಸಾಧಿಸುವುದು ಇನ್ನೂ ಕಷ್ಟ.

ಗುಡಿಗಾರರ ಗಂಧದ ಪೆಟ್ಟಿಗೆ

ಬೆಳ್ಳಿ ಎಲ್ಲ ಸೀಮೆಯಲ್ಲೂ ಇದೆ. ಸೊರಬದ್ದೇ ಎನ್ನಬಹುದಾದ ವಸ್ತು ಗಂಧದ ಕೆತ್ತನೆ. ಸೊರಬ ಮತ್ತು ಸಾಗರದ ಗುಡಿಗಾರ ಕುಟುಂಬಗಳು ಗಂಧದ ಮರದಲ್ಲಿ ಪೆಟ್ಟಿಗೆ, ಕರಂಡ, ಚಿತ್ರದ ಚೌಕಟ್ಟು, ಬೀಸಣಿಗೆ, ಮೂರ್ತಿಗಳನ್ನು ಕೆತ್ತುತ್ತ ಬಂದವರು. ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದವರೆಂದು ಅವರಲ್ಲಿ ಹೇಳಿಕೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಗಣ್ಯರಿಗೆ ಬಿನ್ನವತ್ತಳೆ ಅರ್ಪಿಸುವ ಕರಂಡಗಳೆಂದರೆ ಇವರ ಕೈಕೆಲಸವೇ ಬೇಕಿತ್ತು. ಮದುವೆಯ ಬೆಂಡಿನ ಬಾಸಿಂಗ, ಚೌತಿಯ ಮಣ್ಣಿನ ಗಣಪತಿಯೂ ಇದೇ ಮನೆಗಳಿಂದ ಬರುತ್ತವೆ. ಈ ಸೀಮೆಯ ಎಷ್ಟೋ ಜೈನ ಮದುವೆಗಳಲ್ಲಿ ಹಣೆಗೆ ಕಟ್ಟಿದ ಬಾಸಿಂಗ ಮತ್ತು ಮನೆಯ ಗಂಧದ ಪೆಟ್ಟಿಗೆ ಒಂದೇ ಕುಟುಂಬದ ಕೈಯಿಂದ ಬಂದಿರಲು ಸಾಧ್ಯ.

ಹಳೆಯ ಗುಡಿಗಾರ ಪೆಟ್ಟಿಗೆಯ ಗುರುತು ಅದರ ತುಂಬು ಕೆತ್ತನೆ. ಮುಚ್ಚಳ, ನಾಲ್ಕೂ ಮಗ್ಗುಲು ಬಳ್ಳಿ, ಎಲೆ, ಸುರುಳಿಗಳಿಂದ ಹೊದ್ದಿರುತ್ತವೆ, ಬೆರಳಿಡುವಷ್ಟೂ ಖಾಲಿ ಜಾಗ ಬಿಟ್ಟಿರುವುದಿಲ್ಲ. ನಡುವೆ ಪದಕದಂಥ ಅಂಕಣಗಳಲ್ಲಿ ದೇವತೆಗಳು, ಪುರಾಣ ಕಥೆಯ ದೃಶ್ಯ, ಆನೆ, ಸಿಂಹ, ಹಕ್ಕಿ. ಒಳಬದಿ ನುಣುಪಾಗಿ ಖಾಲಿ ಇರುತ್ತದೆ. ನಿಜವಾದ ಗಂಧ ಆ ಒಳಬದಿಯಲ್ಲಿ ತಿಳಿಯುತ್ತದೆ. ಹೊರಗೆ ದಶಕಗಳ ಕೈಜಿಡ್ಡು, ಧೂಳು ಸೇರಿ ವಾಸನೆ ಸತ್ತಿದ್ದರೂ ಮುಚ್ಚಳ ತೆರೆದಾಗ ಮಂದ ಪರಿಮಳ ಇದ್ದೇ ಇರುತ್ತದೆ. ಮರ ನುಣುಪು, ಒತ್ತಾದ ಎಳೆ, ಗಾತ್ರಕ್ಕೆ ತಕ್ಕ ಭಾರ. ತೆರೆದ ಕೂಡಲೇ ಮೂಗಿಗೆ ಬಡಿಯುವ ಕಟುವಾದ ಸುವಾಸನೆ ಬಂದರೆ ಬೇರೆ ಮರಕ್ಕೆ ಎಣ್ಣೆ ಸವರಿರುವ ಅನುಮಾನವಿದೆ. ಗಂಧದ ಅಭಾವದಿಂದ ಇಂದು ಗುಡಿಗಾರರೂ ಶಿವನೆ ಮರದಲ್ಲಿ ಕೆತ್ತುತ್ತಾರೆ. ಅದನ್ನು ಶಿವನೆ ಎಂದೇ ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ, ಕೆಲಸವೂ ಕೀಳಲ್ಲ.

ಈ ಪೆಟ್ಟಿಗೆಗಳಿಗೆ ಎಣ್ಣೆ, ಪಾಲಿಶ್, ವಾರ್ನಿಷ್ ಯಾವುದೂ ಬೇಡ. ಸುರುಳಿಗಳ ಸಂದಿಯ ಧೂಳನ್ನು ಒಣ ಮೆತ್ತನೆಯ ಬಣ್ಣದ ಕುಂಚದಿಂದ ತೆಗೆದರೆ ಸಾಕು. ಒದ್ದೆ ಬಟ್ಟೆ ತಾಗಿಸಬಾರದು. ಮುರಿದ ಎಲೆ, ಬಳ್ಳಿಯ ಚೂರು ಬಿದ್ದಿದ್ದರೆ ಫೆವಿಕಾಲ್ ತರುವ ಮೊದಲು ಅದನ್ನು ಪೊಟ್ಟಣ ಕಟ್ಟಿ ಪೆಟ್ಟಿಗೆಯೊಳಗೇ ಇಟ್ಟು, ಸೊರಬ ಸಾಗರದ ಕಸುಬುದಾರರಿಗೆ ತೋರಿಸುವುದು ಲೇಸು. ಕೆತ್ತಿದವರ ಮೊಮ್ಮಕ್ಕಳೇ ಅದನ್ನು ಕೂಡಿಸಬಲ್ಲರು.

ದಂತ ಮತ್ತು ಅಹಿಂಸೆಯ ಪ್ರಶ್ನೆ. ಕೆಲವು ಹಳೆಯ ಕೆಲಸಗಳಲ್ಲಿ ಆನೆದಂತದ ತುಣುಕು ಕೂರಿಸಿರುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ದಂತದ ವಸ್ತುವಿನ ಮಾರಾಟ ಅಪರಾಧ. ಸ್ವಾಮ್ಯದ ಪ್ರಮಾಣಪತ್ರ ಬೇಕಾದ ಇಂಥ ವಸ್ತು ಉತ್ತರಾಧಿಕಾರದಿಂದ ಮಾತ್ರ ಕೈ ಬದಲಾಗಬಹುದು, ಹಾಗೆ ಪಡೆದವರು 90 ದಿನಗಳಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಅಜ್ಜನ ಕಾಲದ್ದು ಎಂಬ ಕಾರಣಕ್ಕೆ ಕಾನೂನು ಸಡಿಲವಾಗುವುದಿಲ್ಲ. ಅಂಥ ಪೆಟ್ಟಿಗೆ ಮನೆಯಲ್ಲಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಕಾಗದ ಸರಿಮಾಡಿಕೊಳ್ಳಬೇಕು. ಹೊಸದಾಗಿ ಕೊಳ್ಳುವ ಮಾತು ಜೈನ ಮನೆಯಲ್ಲಿ ಹೇಗೂ ಬರುವುದಿಲ್ಲ.

ಪಿಂಗಾಣಿ: ಭರಣಿಯೂ ತಟ್ಟೆಯೂ

ಹಳೆಯ ಜೈನ ಅಡುಗೆ ಮನೆಗೆ ಪಿಂಗಾಣಿ ಸುಲಭವಾಗಿ ಪ್ರವೇಶ ಪಡೆಯಲಿಲ್ಲ. ಶುದ್ಧಿಯ ಲೆಕ್ಕದಲ್ಲಿ ಕಂಚು, ಹಿತ್ತಾಳೆ, ತಾಮ್ರ, ಬೆಳ್ಳಿ ಒಳಗೆ, ಪಿಂಗಾಣಿ ಹಜಾರದಲ್ಲಿ. ಬಂದ ಅಧಿಕಾರಿಗೆ ಚಹಾ ಕೊಡಲು ಬೇರೆ ಕಪ್ಪು ಬಸಿ ಇಡುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತದೆ. ಇದಕ್ಕೆ ಹೊರತಾದದ್ದು ಮೇಲೆ ಕಂದು ಕೆಳಗೆ ಕೆನೆಬಣ್ಣದ ದಪ್ಪ ಭರಣಿ. ಮಿಡಿ ಮಾವಿನ ಸೀಮೆಯಲ್ಲಿ ಅದಿಲ್ಲದೆ ನಡೆಯುವುದಿಲ್ಲ. ವ್ರತಿಗಳಿರುವ ಮನೆಯಲ್ಲಿ ವರ್ಷಗಟ್ಟಲೆ ಇಟ್ಟ ಉಪ್ಪಿನಕಾಯಿ ಅಭಕ್ಷ್ಯವಾದ್ದರಿಂದ ಅಲ್ಲಿ ಅದೇ ಭರಣಿ ಉಪ್ಪು, ಹುಣಸೆಹಣ್ಣಿಗೆ ಮೀಸಲು. ಭರಣಿ ನಿಜವಾಗಿ ಪಿಂಗಾಣಿಯಲ್ಲ, ಹೆಚ್ಚು ಉರಿಯಲ್ಲಿ ಸುಟ್ಟು ಗಾಜಿನ ಹೊಳಪು ಕೊಟ್ಟ ಗಟ್ಟಿ ಮಣ್ಣು.

ತಟ್ಟೆ, ಬಸಿ, ಹೂದಾನಿಗಳ ಕಾಲವನ್ನು ತಳದ ಮುದ್ರೆಯೇ ಹೇಳುತ್ತದೆ. ಅಮೆರಿಕದ 1890ರ ಸುಂಕ ಕಾಯ್ದೆಯ ನಂತರ, 1891ರಿಂದ, ರಫ್ತು ಮಾಡುವ ಕಾರ್ಖಾನೆಗಳು ದೇಶದ ಹೆಸರು ಬರೆಯುವುದು ರೂಢಿಯಾಯಿತು. ಬರೀ "ಇಂಗ್ಲೆಂಡ್" ಎಂದಿದ್ದರೆ ಸಾಮಾನ್ಯವಾಗಿ 1891ರ ಈಚಿನದು, "ಮೇಡ್ ಇನ್ ಇಂಗ್ಲೆಂಡ್" ಎಂದಿದ್ದರೆ ಬಹುತೇಕ 20ನೇ ಶತಮಾನದ್ದು. "ನಿಪ್ಪಾನ್" ಎಂದರೆ 1891ರಿಂದ 1921ರ ನಡುವಿನ ಜಪಾನಿ ಮಾಲು. "ಆಕ್ಯುಪೈಡ್ ಜಪಾನ್" ಎಂದಿದ್ದರೆ ಎರಡನೇ ಮಹಾಯುದ್ಧದ ನಂತರ 1952ರವರೆಗಿನ ಕೆಲವೇ ವರ್ಷಗಳದ್ದು. ಇಂಗ್ಲಿಷ್ ಪಾತ್ರೆಯ ತಳದಲ್ಲಿ ವಜ್ರಾಕಾರದ ಮುದ್ರೆ ಇದ್ದರೆ 1842ರಿಂದ 1883ರೊಳಗೆ ನೋಂದಾಯಿಸಿದ ವಿನ್ಯಾಸ, ಆರ್.ಡಿ. ಎಂಬ ಅಕ್ಷರದೊಂದಿಗೆ ಸಂಖ್ಯೆ ಇದ್ದರೆ 1884ರ ನಂತರದ್ದು. ಅಂಚಿನ ಚಿನ್ನದ ಗೆರೆ ಕೈಯಿಂದ ಎಳೆದದ್ದಾದರೆ ಅಲ್ಲಲ್ಲಿ ದಪ್ಪ ತೆಳು ಕಾಣುತ್ತದೆ.

ಜೈನ ಸಂಗ್ರಾಹಕರು ತಿಳಿದಿರಲೇಬೇಕಾದ ಮಾತು ಬೋನ್ ಚೈನಾ ಕುರಿತದ್ದು. ಹೆಸರು ಸುಮ್ಮನೆ ಬಂದದ್ದಲ್ಲ. 1790ರ ದಶಕದಲ್ಲಿ ಇಂಗ್ಲೆಂಡಿನ ಸ್ಪೋಡ್ ಕಾರ್ಖಾನೆ ರೂಢಿಗೆ ತಂದ ಈ ಬಗೆಯಲ್ಲಿ ಪ್ರಾಣಿಗಳ ಮೂಳೆ ಸುಟ್ಟ ಬೂದಿಯೇ ಹೆಚ್ಚುಕಡಿಮೆ ಅರ್ಧ ಪಾಲು ಇರುತ್ತದೆ. ಚೀನಾದ ಮೂಲ ಪಿಂಗಾಣಿ, ಜರ್ಮನಿಯ ಮೈಸೆನ್‌ನಲ್ಲಿ 1710ರಿಂದ ತಯಾರಾದ ಗಟ್ಟಿ ಪಿಂಗಾಣಿ ಇವುಗಳಲ್ಲಿ ಮೂಳೆಯಿಲ್ಲ, ಬಿಳಿ ಜೇಡಿ ಮತ್ತು ಕಲ್ಲಿನ ಪುಡಿ ಮಾತ್ರ. ಬೆಳಕಿಗೆ ಹಿಡಿದಾಗ ಎರಡೂ ಅರೆಪಾರದರ್ಶಕವಾಗಿ ಕಾಣುತ್ತವೆ, ಬೋನ್ ಚೈನಾದ ಬಿಳುಪು ಹಾಲಿನ ಕೆನೆಯ ಕಡೆ, ಗಟ್ಟಿ ಪಿಂಗಾಣಿಯದು ತುಸು ನೀಲಿಯ ಕಡೆ. ಹೆಚ್ಚಿನ ಬೋನ್ ಚೈನಾ ಪಾತ್ರೆಗಳ ತಳದಲ್ಲಿ ಹಾಗೆಂದೇ ಮುದ್ರೆ ಇರುತ್ತದೆ. ಮನೆಯಲ್ಲಿ ಹಿಂದಿನಿಂದ ಬಂದದ್ದನ್ನು ಏನು ಮಾಡಬೇಕೆಂಬುದು ಆಯಾ ಮನೆಯವರ ವಿವೇಕಕ್ಕೆ ಬಿಟ್ಟದ್ದು. ಊಟಕ್ಕೆ, ಮುನಿಗಳ ಆಹಾರದ ಚೌಕದ ಹತ್ತಿರಕ್ಕೆ ತರದಿರುವುದಂತೂ ಸರಿ. ಹಳೆಯ ಬಣ್ಣದ ತಟ್ಟೆ ಯಾವುದೇ ಬಗೆಯದಿರಲಿ, ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಹುಳಿ ಪದಾರ್ಥ ಬಡಿಸಬಾರದು.

ತೂಗುದೀಪ, ಬಣ್ಣದ ಗಾಜಿನ ಹಂಡಿ, ಅಡಕತ್ತರಿ, ಗೋಡೆ ಗಡಿಯಾರಗಳಿಗೂ ಇದೇ ಕ್ರಮ: ಮೊದಲು ಬರಹ, ಆಮೇಲೆ ಬೆಲೆ. 1970ರ ದಶಕದಿಂದ ಸ್ಟೀಲ್ ಪಾತ್ರೆಯ ಬದಲಿಗೆ ಹಳೆಯ ತಾಮ್ರ, ಹಿತ್ತಾಳೆ ಕೊಂಡೊಯ್ದವರ ಕೈಗೆ ಎಷ್ಟು ಕಾಲುದೀಪ ಹೋದವೋ ಲೆಕ್ಕವಿಲ್ಲ.

ಕಾನೂನು ಮತ್ತು ಮೋಸ

ಪುರಾತನ ವಸ್ತುಗಳ ಕಾಯ್ದೆ 1972ರಲ್ಲಿ ಬಂತು, 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ಮೀರಿದ ಕಲಾವಸ್ತು, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ 75 ವರ್ಷ ಮೀರಿದ ಹಸ್ತಪ್ರತಿ ಇದರ ವ್ಯಾಪ್ತಿಗೆ ಬರುತ್ತವೆ. ಎಲ್ಲವನ್ನೂ ನೋಂದಾಯಿಸಬೇಕಿಲ್ಲ. ಕಲ್ಲು, ಮಣ್ಣು, ಲೋಹ, ದಂತ, ಮೂಳೆ, ಮರದ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರವಿರುವ ಹಸ್ತಪ್ರತಿಗಳಿಗೆ ನೋಂದಣಿ ಬೇಕು. ಆದ್ದರಿಂದ ಮನೆಯ ಚೈತ್ಯಾಲಯದ ನೂರು ವರ್ಷ ಮೀರಿದ ಕಂಚಿನ ಚೌವೀಸ ತೀರ್ಥಂಕರ ಬಿಂಬ ನೋಂದಣಿಗೆ ಒಳಪಡುತ್ತದೆ, ಸಾದಾ ಬೆಳ್ಳಿ ತಟ್ಟೆ ಒಳಪಡುವುದಿಲ್ಲ. ನೂರು ವರ್ಷ ದಾಟಿದ ಗುಡಿಗಾರ ಪೆಟ್ಟಿಗೆಯ ವಿಷಯದಲ್ಲಿ ನೋಂದಣಿ ಅಧಿಕಾರಿಯನ್ನೇ ಕೇಳಬೇಕು. ನೋಂದಣಿ ಮಾಡಿದರೆ ಸರ್ಕಾರ ಕಸಿದುಕೊಳ್ಳುತ್ತದೆ ಎಂಬ ಅಂಜಿಕೆ ಬೇಡ, ಒಡೆತನ ಮನೆಯವರದೇ ಉಳಿಯುತ್ತದೆ. ಮಾರಿದರೆ ತಿಳಿಸಬೇಕು, ಪರದೇಶಕ್ಕೆ ಖಾಸಗಿಯಾಗಿ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನ ಗೃಹಪ್ರವೇಶಕ್ಕೆ ಅಜ್ಜನ ಕಾಲದ ಬಿಂಬ ಒಯ್ಯುವ ಆಸೆ ಇರುವವರು ಇದನ್ನು ನೆನಪಿಡಬೇಕು.

ಹೊಲ ಉಳುವಾಗ, ಪಾಯ ತೆಗೆಯುವಾಗ ಬಿಂಬವೋ ನಾಣ್ಯವೋ ಸಿಕ್ಕರೆ ಅದು ಬೇರೆಯೇ ವಿಷಯ. ಕರ್ನಾಟಕ ನಿಧಿ ಕಾಯ್ದೆ 1962ರಂತೆ ಸರ್ಕಾರಕ್ಕೆ ತಿಳಿಸಬೇಕು, ತಹಶೀಲ್ದಾರರ ಕಚೇರಿಗೆ ಹೋದರೆ ದಾರಿ ಹೇಳುತ್ತಾರೆ. ಹಳೆಯ ಬಸದಿಗಳ ನೆಲವಾದ ನಾಗರಖಂಡದಲ್ಲಿ ಇದು ಬರೀ ಪುಸ್ತಕದ ಮಾತಲ್ಲ.

ಮೋಸದ ಎರಡು ಬಗೆ ಪದೇ ಪದೇ ಮರುಕಳಿಸುತ್ತವೆ. ಅಕ್ಕಿ ಸೆಳೆಯುವ ತಾಮ್ರದ ಕಲಶಕ್ಕೆ ಕೋಟಿ ಬೆಲೆ ಎನ್ನುವ "ರೈಸ್ ಪುಲ್ಲಿಂಗ್" ಒಂದು. ಅಂಥ ಶಕ್ತಿಯ ಲೋಹ ಎಲ್ಲೂ ಇಲ್ಲ, ಪರೀಕ್ಷೆಗೆಂದು ಕೇಳುವ ಮುಂಗಡವೇ ಅವರ ಲಾಭ. ರಾಮ, ಹನುಮಂತನ ಚಿತ್ರವಿರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಇನ್ನೊಂದು. ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ.

ಪಾಲು, ಪರಿಮಾಣ, ಪಟ್ಟಿ

ಹಳೆಯ ವಸ್ತು ಕೂಡಿಡುವುದು ಪರಿಗ್ರಹವಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ಸರಿಯಾದದ್ದೇ. ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಪರಿಗ್ರಹ ಪರಿಮಾಣ ವ್ರತದ ಅತಿಚಾರ ಹೇಳುವಾಗ ಹಿರಣ್ಯ ಅಂದರೆ ಬೆಳ್ಳಿಯನ್ನೂ, ಕುಪ್ಯ ಅಂದರೆ ಬಟ್ಟೆ ಪಾತ್ರೆಗಳನ್ನೂ ಹೆಸರಿಸಿಯೇ ಎಣಿಸುತ್ತದೆ. ಅಂಗಡಿ ಅಂಗಡಿ ಸುತ್ತಿ ಹತ್ತನೇ ಪನ್ನೀರುದಾನಿ ಕೊಳ್ಳುವುದಕ್ಕೂ ಮನೆಗೆ ಬಂದ ಒಂದನ್ನು ಜೋಪಾನ ಮಾಡುವುದಕ್ಕೂ ಅಂತರವಿದೆ. ವ್ರತ ಹಿಡಿದವರು ತಮ್ಮ ಮಿತಿ ಮೀರಿದ್ದನ್ನು ಕರಗಿಸುವ ಬದಲು ಬಸದಿಗೋ ವಸ್ತುಸಂಗ್ರಹಾಲಯಕ್ಕೋ ಕೊಟ್ಟರೆ ಮಿತಿಯೂ ಉಳಿಯುತ್ತದೆ, ವಸ್ತುವೂ ಉಳಿಯುತ್ತದೆ.

ಪಾಲು ಮಾಡುವಾಗ ಮೊದಲು ಬೇರ್ಪಡಿಸಬೇಕಾದದ್ದು ಸ್ತ್ರೀಧನ. ತವರಿನಿಂದ ತಂದ ಬೆಳ್ಳಿ ಆ ಹೆಣ್ಣುಮಗಳದೇ, ಗಂಡನ ಮನೆಯ ಪಾಲಿಗೆ ಅದು ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸ್ಪಷ್ಟವಾಗಿ ಹೇಳಿದೆ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಒಂದೇ ಜೊತೆಯ ಆರು ಬಟ್ಟಲುಗಳನ್ನು ಮೂರು ಕಡೆ ಒಡೆಯುವುದಕ್ಕಿಂತ ಒಬ್ಬರಿಗೆ ಪೂರ್ತಿ ಕೊಟ್ಟು ಉಳಿದವರಿಗೆ ಬೇರೆ ವಸ್ತುವಿನಲ್ಲೋ ಹಣದಲ್ಲೋ ಸರಿದೂಗಿಸುವುದು ಜಾಣತನ. ಅಭಿಷೇಕದ ಕಲಶ ನಿತ್ಯಪೂಜೆ ನಡೆಸುವ ಮನೆಗೆ ಹೋಗಲಿ.

ಪಾಲಿಗೆ ಮುಂಚೆ ಒಂದು ವಹಿ ಬರೆಯಬೇಕು. ಪ್ರತಿ ವಸ್ತುವಿಗೆ ಒಂದು ಪುಟ: ಸ್ಕೇಲ್ ಇಟ್ಟು ತೆಗೆದ ಎರಡು ಮೂರು ಫೋಟೋ, ಎತ್ತರ, ಅಗಲ, ತೂಕ, ಇದ್ದಂತೆಯೇ ಬರೆದ ಬರಹ, ತಗ್ಗು, ಬಿರುಕಿನ ಗುರುತು, ಯಾರ ಮದುವೆಯಲ್ಲಿ ಬಂತು, ಯಾವ ಪೂಜೆಗೆ ಬಳಸುತ್ತಾರೆ. ಕೊನೆಯ ಎರಡಕ್ಕೆ ಉತ್ತರ ಅಜ್ಜಿಯಂದಿರ ಬಳಿ ಇದೆ, ಮೊಬೈಲಿನಲ್ಲಿ ಅವರ ದನಿಯನ್ನೇ ಮುದ್ರಿಸಿಕೊಂಡರೆ ಇನ್ನೂ ಉತ್ತಮ.

ಕೊಡುವುದಾದರೆ, ಇಡುವುದಾದರೆ

ಧರ್ಮಸ್ಥಳದ ಹೆಗ್ಗಡೆ ಮನೆತನದ ಆಸಕ್ತಿಯಿಂದ ಬೆಳೆದ ಮಂಜೂಷಾ ವಸ್ತುಸಂಗ್ರಹಾಲಯ, ಒಂದು ಜೈನ ಮನೆತನ ಗೃಹಬಳಕೆಯ ವಸ್ತುಗಳನ್ನು ಹೇಗೆ ಕಾಪಾಡಬಹುದು ಎಂಬುದಕ್ಕೆ ನಾಡಿನಲ್ಲೇ ದೊಡ್ಡ ಉದಾಹರಣೆ. ಹತ್ತಿರದಲ್ಲಿ ಕೆಳದಿ ಗುಂಡಾ ಜೋಯಿಸರು ಕಟ್ಟಿದ, ಈಗ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಕೆಳದಿ ವಸ್ತುಸಂಗ್ರಹಾಲಯವಿದೆ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿ ಸರ್ಕಾರಿ ಸಂಗ್ರಹಾಲಯವಿದೆ. ಎಲ್ಲಿಗೇ ಕೊಟ್ಟರೂ ದಾನವೋ, ಎರವಲೋ, ಪ್ರದರ್ಶನಕ್ಕೆ ಇಡುತ್ತಾರೋ ಉಗ್ರಾಣಕ್ಕೋ ಎಂದು ಬರಹದಲ್ಲಿ ಪಡೆಯಬೇಕು. ಪೆಟಾರಿಯಲ್ಲಿ ಓಲೆಗರಿ ಕಟ್ಟು ಸಿಕ್ಕರೆ ಬಿಚ್ಚಿ ಎಣ್ಣೆ ಹಚ್ಚುವ ಸಾಹಸಕ್ಕೆ ಇಳಿಯದೆ ಹುಂಬುಜ ಅಥವಾ ಶ್ರವಣಬೆಳಗೊಳದ ಬಲ್ಲವರಿಗೆ ತೋರಿಸಬೇಕು.

ಮನೆಯಲ್ಲೇ ಇಡುವವರಿಗೆ ದೊಡ್ಡ ಶತ್ರು ಮಲೆನಾಡಿನ ಮಳೆಗಾಲ. ಬೆಳ್ಳಿ ಕಪ್ಪಾಗುವುದು ಗಾಳಿಯ ಗಂಧಕದಿಂದ, ತೇವ ಅದನ್ನು ಬೇಗ ಮಾಡುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಬೆಳ್ಳಿಯ ಹತ್ತಿರ ಸುಳಿಯಬಾರದು, ಎರಡರಲ್ಲೂ ಗಂಧಕವಿದೆ. ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ಸಿಲಿಕಾ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಟ್ಟು, ದೀಪಾವಳಿ ಕಳೆದ ಮೇಲೆ ಒಮ್ಮೆ ತೆರೆದು ನೋಡಿದರೆ ಸಾಕು. ನಿತ್ಯಪೂಜೆಯ ಪಾತ್ರೆಗೆ ಅಂಟುವಾಳದ ನೀರು, ಮೆತ್ತನೆ ಬಟ್ಟೆ. ಟೂತ್‌ಪೇಸ್ಟ್, ಬೂದಿ, ತೆಂಗಿನ ನಾರು ಬೆಳ್ಳಿಯನ್ನು ಹೊಳೆಯಿಸುವುದು ಅದನ್ನು ಸವೆಸಿಯೇ, ಅಕ್ಷರವಿರುವ ಕಡೆ ಅವು ತಾಗಲೇಬಾರದು. ಕೆತ್ತನೆಯ ಸಂದಿಯಲ್ಲಿ ಉಳಿದ ಕಪ್ಪನ್ನು ಪೂರ್ತಿ ತೆಗೆಯುವ ಹಟವೂ ಬೇಡ, ಚಿತ್ರ ಎದ್ದು ಕಾಣುವುದು ಆ ಕಪ್ಪಿನಿಂದಲೇ. ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಬಟ್ಟೆ ಹಾಕಬೇಕು. ಬಿರುಕು ಬಿಟ್ಟ ಭರಣಿಯನ್ನು ಅಟ್ಟದ ಮೇಲಿಡದೆ ನೆಲದ ಮೇಲೆ, ಮಕ್ಕಳ ಕೈಗೆ ಎಟುಕದ ಮೂಲೆಯಲ್ಲಿ ಇಡುವುದು ಕ್ಷೇಮ.